ಹೂಂ ಅಂದರೆ ಉಹೂಂ

ನಾನು ಕರಡು ತಿದ್ದುವವಳು. ಇಪ್ಪತ್ತಾರು ವರ್ಷಗಳಿಂದ ಒಂದೇ ಪ್ರೆಸ್ಸಿನಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು, ಊರಿನವರ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಕೊಂಡು ಬಂದಿದ್ದೇನೆ. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದ ಅಂಗಡಿ ಫಲಕ ಕಂಡರೆ ನನಗೆ ಮನೆಗೆ ಹೋದಮೇಲೂ ಊಟ ಸೇರುವುದಿಲ್ಲ. ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಪ್ರೆಸ್ಸಿನವರು ಹೇಳುತ್ತಾರೆ. ಹೇಳಲಿ. ಅದೇ ಮೂಗಿನ ಮೇಲೆ ಕನ್ನಡಕವೂ ಕೂತಿದೆ, ಎರಡಕ್ಕೂ ಜಾಗ ಸಾಕಾಗಿದೆ.

ಅಂಥ ನಾನು ಒಂದೇ ಒಂದು ಕಡೆ, ಬೇಕೆಂದೇ, ತಪ್ಪುಗಳನ್ನು ಹಾಗೇ ಬಿಟ್ಟಿದ್ದೆ. ಅವು ನಮ್ಮಪ್ಪನ ತಪ್ಪುಗಳು. ಒಂದು ಸೋಮವಾರ ಬೆಳಿಗ್ಗೆ ಅವೇ ತಪ್ಪುಗಳು ಚಿತ್ರಸಮೇತ ಪುಟಗಳಾಗಿ, ತಿದ್ದಲಿಕ್ಕೆಂದು ನನ್ನ ಮೇಜಿಗೇ ಬಂದವು.

ನಲವತ್ತೆಂಟು ಪುಟದ ಕೈಪಿಡಿ. ಪ್ರಾಚೀನ ರೋಮನ್ನರ ಕಾಲದ ನಗರ ಕಟ್ಟುವ ಕಂಪ್ಯೂಟರ್ ಆಟ, ಈಗ ಕನ್ನಡದಲ್ಲಿ, ಎಂದು ಮುಖಪುಟದಲ್ಲಿತ್ತು. ಇಂಥ ಆಟಗಳು ಬೇಕಾದಷ್ಟು ಇರಬಹುದು ಎಂದುಕೊಂಡು ಪುಟ ಮಗುಚಿದೆ. ಆರನೇ ಪುಟದಲ್ಲಿ ನಗರದ ನಿವಾಸಿಗಳ ಪಟ್ಟಿ ಇತ್ತು. ಸಂತೆಯಿಂದ ಮನೆಮನೆಗೆ ಕಾಳು ಹಂಚುವವಳು: ಬುಟ್ಟಿಯಕ್ಕ. ಕಟ್ಟಡಗಳ ಬಿರುಕು ನೋಡಿಕೊಂಡು ತಿರುಗುವ ಇಂಜಿನಿಯರು: ಬಿರುಕಪ್ಪ. ತೆರಿಗೆ ಕೇಳುವವನು: ಕೊಡಪ್ಪ. ಬೆಟ್ಟದಿಂದ ಕಮಾನುಗಳ ಮೇಲೆ ನೀರು ತರುವ ಕಾಲುವೆ: ಹೆಗಲುಗಾಲುವೆ.

ಈ ನಾಲ್ಕು ಪದ ಲೋಕದ ಯಾವ ನಿಘಂಟಿನಲ್ಲೂ ಇಲ್ಲ. ಇವು ಇದ್ದದ್ದು ನಮ್ಮ ಮನೆಯ ಒಂದು ಕೋಣೆಯಲ್ಲಿ, ಕಿಟಕಿಗೆ ತಾಗಿದ ಒಂದು ಮಂಚದ ಮೇಲೆ.

ಅಪ್ಪ ಮೂವತ್ತೆಂಟು ವರ್ಷ ಊರಿಗೆ ನೀರು ಬಿಟ್ಟವರು. ಎದೆಯುದ್ದದ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಸೈಕಲ್ಲಿನಲ್ಲಿ ಬೀದಿಬೀದಿಗೆ ಹೋಗಿ, ನೆಲದೊಳಗಿನ ವಾಲ್ವ್ ತಿರುಗಿಸಿ, "ನೀರು ಬಂತೂ" ಎಂದು ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತು. ಆ ಗಂಟಲಿಗೆ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೀಗ ಬಿತ್ತು. ಲಕ್ವ. ಬಲಗೈ ಹೋಯಿತು, ಮಾತು ಹೋಯಿತು. ಆರು ತಿಂಗಳ ಮೇಲೆ ಮಾತು ಬಂತು, ಆದರೆ ಅಪ್ಪನ ಮಾತಾಗಿ ಬರಲಿಲ್ಲ. ಕುರ್ಚಿಗೆ ಕೊಡೆ ಎನ್ನುತ್ತಿದ್ದರು, ಅನ್ನಕ್ಕೆ ಸೋಪು ಎನ್ನುತ್ತಿದ್ದರು. ನನ್ನನ್ನು "ಕನ್ನಡಕ" ಎಂದು ಕರೆದರು, ಆಮೇಲೆ ಅದೇ ಖಾಯಂ ಆಯಿತು. ಬುದ್ಧಿ ಎಲ್ಲ ನೆಟ್ಟಗಿದೆ, ಪದಗಳ ಡಬ್ಬಿಗಳ ಮುಚ್ಚಳ ಅದಲುಬದಲಾಗಿದೆ ಅಷ್ಟೆ, ಎಂದು ಮಾತಿನ ಡಾಕ್ಟರು ಹೇಳಿದರು.

ಎಲ್ಲಕ್ಕಿಂತ ಕಷ್ಟದ್ದು ಹೂಂ ಮತ್ತು ಉಹೂಂ. ಬೇಕು ಎನ್ನಬೇಕಾದಾಗ "ಉಹೂಂ" ಬರುತ್ತಿತ್ತು, ಬೇಡ ಎನ್ನಬೇಕಾದಾಗ "ಹೂಂ". ಮೊದಮೊದಲು ಬೇಡ ಬೇಡವೆಂದು ಹೂಂಗುಟ್ಟುತ್ತಿದ್ದವರ ಬಾಯಿಗೆ ನಾನು ಇನ್ನೊಂದು ತುತ್ತು ತುರುಕಿ, ಅವರು ಕಣ್ಣೀರು ಹಾಕಿದ ಮೇಲೆ ನನಗೆ ತಿಳಿಯಿತು. ಅವತ್ತಿನಿಂದ ಮನೆಯಲ್ಲಿ ಒಂದು ನಿಯಮ: ಅಪ್ಪನ ಬಾಯಿ ನೋಡಬಾರದು, ಎಡಗೈ ನೋಡಬೇಕು. ಬೇಡವೆಂದರೆ ಮುಷ್ಟಿ ಬಲಕ್ಕೆ ತಿರುಗುತ್ತಿತ್ತು, ವಾಲ್ವ್ ಬಂದ್. ಬೇಕೆಂದರೆ ಎಡಕ್ಕೆ ತಿರುಗುತ್ತಿತ್ತು. ಮೂವತ್ತೆಂಟು ವರ್ಷ ನೀರು ಬಿಟ್ಟ ಕೈ ಒಮ್ಮೆಯೂ ಸುಳ್ಳು ಹೇಳಲಿಲ್ಲ.

ಹೊರಗಿನವರ ಎದುರು ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಒಮ್ಮೆ ಅವರ ಹಳೆಯ ಸಾಹೇಬರು ನಾಲ್ಕು ಜನರನ್ನು ಕರೆದುಕೊಂಡು ನೋಡಲು ಬಂದಿದ್ದರು. ಅಪ್ಪ ಕಷ್ಟಪಟ್ಟು, ಗೌರವದಿಂದ, "ಕೂತ್ಕೊಳ್ಳಿ" ಎನ್ನಲು ಹೋಗಿ "ತೊಳ್ಕೊಳ್ಳಿ" ಎಂದರು. ಸಾಹೇಬರು ನಗು ತಡೆದುಕೊಂಡರು, ಉಳಿದ ನಾಲ್ವರಿಗೆ ಅಷ್ಟೂ ಆಗಲಿಲ್ಲ. ಇಡೀ ಊರಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಅವತ್ತು ಗೋಡೆಯ ಕಡೆ ತಿರುಗಿ ಮಲಗಿದವರು, ಮರುದಿನದವರೆಗೆ ಈ ಕಡೆ ತಿರುಗಲಿಲ್ಲ.

ಹೊರಗಿನವರಲ್ಲಿ ಅಪ್ಪನ ಬಾಯಿ ತೆರೆಸಿದವನು ಒಬ್ಬನೇ. ಎರಡು ಬೀದಿ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವನು. ನನ್ನ ಕಂಪ್ಯೂಟರ್ ಕೆಟ್ಟಾಗ ಬಂದವನು ಅಪ್ಪನ ಮಂಚದ ಮೇಲೇ ಕೂತು, ಅವರ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ದೊಡ್ಡಪ್ಪಾ, ಬೇಜಾರಾ?" ಎಂದು ಕೇಳಿದ. ಅಪ್ಪ ಅವನನ್ನು ನೋಡಿ "ಚಾವಿ" ಎಂದರು. ಅವನಿಗೆ ಆ ಹೆಸರೇ ನಿಂತಿತು. ವಯಸ್ಸು ಮೂವತ್ತೈದು, ನನ್ನನ್ನು ಅಕ್ಕ ಎನ್ನುತ್ತಿದ್ದ. ಒಡಹುಟ್ಟಿದವರಿಲ್ಲದ ನಾನು ಅವನನ್ನು ತಲೆಯ ಮೇಲೆ ಕೂರಿಸಿಕೊಂಡೆ, ಯಾಕೆ ಸುಳ್ಳು ಹೇಳಲಿ.

ಎಡಗೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಚಾವಿ ಒಂದು ಹಳೆಯ ಕಂಪ್ಯೂಟರು ತಂದು ಮಂಚದ ಪಕ್ಕ ಜೋಡಿಸಿ, ಮೌಸನ್ನು ಎಡಗಡೆಗಿಟ್ಟು, ಈ ಆಟ ಹಾಕಿಕೊಟ್ಟ. ಖಾಲಿ ಬಯಲು, ಒಂದು ನದಿ. ರಸ್ತೆ ಹಾಕಬೇಕು, ಮನೆಗೆ ಜಾಗ ಗುರುತಿಸಬೇಕು, ಬಾವಿ ತೋಡಬೇಕು, ಕಣಜ ಕಟ್ಟಬೇಕು. ನೀರು ಕಾಳು ಸರಿಯಾಗಿ ಬಂದರೆ ಗುಡಿಸಲು ತಾನಾಗಿಯೇ ಮನೆಯಾಗುತ್ತದೆ, ಮನೆ ಮಹಡಿಯಾಗುತ್ತದೆ. ಬರದಿದ್ದರೆ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ನಡುವೆ ಚಕ್ರವರ್ತಿ ಗೋಧಿ ಕಳಿಸು ಎಂದು ಓಲೆ ಬರೆಯುತ್ತಾನೆ.

ಅಪ್ಪ ಮೊದಲ ದಿನ ಒಂದು ಮನೆಯನ್ನೂ ಕಟ್ಟಲಿಲ್ಲ. ಬೆಟ್ಟದ ಬುಡದಲ್ಲಿ ನೀರಿನ ತೊಟ್ಟಿ ಕಟ್ಟಿ, ಅಲ್ಲಿಂದ ಕಾಲುವೆ ಎಳೆದು, ಖಾಲಿ ಬಯಲಿನ ನಡುವೆ ಒಂದು ಕಾರಂಜಿ ಚಿಮ್ಮಿಸಿ ಕೂತರು. ಚಾವಿ ನಕ್ಕ. "ದೊಡ್ಡಪ್ಪಾ, ಕುಡಿಯೋಕೆ ಜನಾನೇ ಇಲ್ಲವಲ್ಲ!" ಅಪ್ಪ ಅವನ ಕಡೆ ನೋಡಿದ ನೋಟವನ್ನು ನಾನು ಚಿಕ್ಕಂದಿನಲ್ಲಿ ಸಾಕಷ್ಟು ಸಲ ತಿಂದಿದ್ದೇನೆ. ನೀರು ಮೊದಲು, ಮನೆ ಆಮೇಲೆ, ದಡ್ಡ. ಒಂದು ವಾರದಲ್ಲಿ ಅಲ್ಲಿ ಇನ್ನೂರು ಮನೆ ಎದ್ದವು. ಆ ಊರಿಗೆ ಅಪ್ಪ ನೀರೂರು ಎಂದು ಹೆಸರಿಟ್ಟರು.

ಆಟದ ಜನ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಬೀದಿಯಲ್ಲಿ ಹೋಗುವವನ ಮೇಲೆ ಒತ್ತಿದರೆ ಅವನು ಏನೋ ದೂರು ಹೇಳುತ್ತಾನೆ. ನಾನು ಪಕ್ಕದಲ್ಲಿ ಕೂತು ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕು. ಒಂದು ದಿನ ಚಾವಿ, "ಮಾತೆಲ್ಲ ಒಂದೇ ಕಡತದಲ್ಲಿದೆ ಅಕ್ಕಾ. ನೀನು ಬರೆದುಕೊಡು, ನಾನು ಕೂರಿಸ್ತೀನಿ" ಎಂದ. ನಾನು ನನ್ನ ಪಾಂಡಿತ್ಯವೆಲ್ಲ ಸುರಿದೆ. ತೆರಿಗೆ ಸಂಗ್ರಾಹಕ, ಮೇಲ್ಗಾಲುವೆ, ಕಟ್ಟಡ ಪರಿವೀಕ್ಷಕ. ಅಪ್ಪ ಪರದೆ ನೋಡಿದರು, ನನ್ನನ್ನು ನೋಡಿದರು. ಇಂಗ್ಲಿಷೇ ವಾಸಿ ಎಂಬಂತಿತ್ತು ಮುಖ.

ಆಗ ಪಟ್ಟಿ ಹರಿದುಹಾಕಿ, ಒಂದೊಂದೇ ಚಿತ್ರ ತೋರಿಸಿ, "ಇದೇನಪ್ಪಾ?" ಎಂದು ಕೇಳಲು ಶುರುಮಾಡಿದೆ. ಕಮಾನುಗಳ ಕಾಲುವೆ ಕಂಡು ಅವರು ತಮ್ಮ ಹೆಗಲು ಮುಟ್ಟಿಕೊಂಡು, ಬಹಳ ಹೊತ್ತು ತಡಕಾಡಿ, "ಹೆಗಲು... ಗಾಲುವೆ" ಎಂದರು. ತೆರಿಗೆಯವನು ಕೈ ಚಾಚಿದ್ದು ನೋಡಿ "ಕೊಡಪ್ಪ" ಎಂದರು. ದೇವತೆಗಳು ಮುನಿದಾಗ "ಮೇಲಿನವ್ರು" ಎಂದು ಹಣೆ ಚಚ್ಚಿಕೊಂಡರು, ಸರ್ಕಾರಿ ಕೆಲಸ ಮಾಡಿದವರಲ್ಲವೇ. ನಾನು ಒಂದಕ್ಕೂ ಸುತ್ತು ಹಾಕಲಿಲ್ಲ. ಎರಡು ಸಾವಿರದ ಮುನ್ನೂರು ಸಾಲು, ಒಂದೂವರೆ ವರ್ಷ.

ಚಾವಿಯ ಕೆಲಸವೂ ಸಣ್ಣದಲ್ಲ, ಅದನ್ನು ಈಗಲೂ ಹೇಳುತ್ತೇನೆ. ಆ ಆಟಕ್ಕೆ ಕನ್ನಡ ಅಕ್ಷರವೇ ಗೊತ್ತಿರಲಿಲ್ಲ. ಒತ್ತಕ್ಷರಗಳು ಒಂದು ಕಡೆ, ಅಕ್ಷರಗಳು ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದವು. ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿದ.

ಆಮೇಲೆ ಒಂದು ಅನಾಹುತವಾಯಿತು. ಯಾವುದನ್ನಾದರೂ ಕೆಡವಬೇಕಾದರೆ ಆಟ ಒಮ್ಮೆ ಕೇಳುತ್ತದೆ: "ಕೆಡವಲೇ?" ಕೆಳಗೆ ಎರಡು ಗುಂಡಿ, ಹೂಂ ಮತ್ತು ಉಹೂಂ. ಅಪ್ಪ ಕೈತಪ್ಪಿ ಒಂದು ಬೀದಿಯನ್ನೇ ಗುರುತು ಮಾಡಿಬಿಟ್ಟಿದ್ದರು. ಆಟ ಕೇಳಿತು. ಬೇಡ ಬೇಡವೆಂದು ಗಾಬರಿಯಾಗಿ, ತಮ್ಮ ಬಾಯಿಗೆ ಬರುವ ಪದವನ್ನೇ ಹುಡುಕಿ "ಹೂಂ" ಒತ್ತಿದರು. ಹನ್ನೊಂದು ಮನೆ, ಒಂದು ಕಾರಂಜಿ ಮಣ್ಣುಪಾಲಾದವು. ಅಪ್ಪ ಮಗುವಿನ ಹಾಗೆ ಅತ್ತರು.

ಮರುದಿನ ಚಾವಿ ಬಂದು ಎರಡು ಗುಂಡಿಗಳ ಹೆಸರನ್ನು ಅದಲುಬದಲು ಮಾಡಿದ. ಕೆಡವುವ ಗುಂಡಿಗೆ ಉಹೂಂ, ಉಳಿಸುವ ಗುಂಡಿಗೆ ಹೂಂ. "ಲೋಕಕ್ಕೆಲ್ಲ ತಪ್ಪು, ನಮ್ಮ ದೊಡ್ಡಪ್ಪಂಗೆ ಸರಿ. ಅಲ್ವಾ ಅಕ್ಕಾ?" ಎಂದು ನಕ್ಕ. ನಾನೂ ನಕ್ಕೆ. ಅಪ್ಪನ ಹೂಂ ಎಂದರೆ ಏನೆಂದು ಈ ಭೂಮಿಯ ಮೇಲೆ ಸರಿಯಾಗಿ ತಿಳಿದಿದ್ದವರು ನಾವಿಬ್ಬರೇ.

ಎಲ್ಲ ಮುಗಿದ ದಿನ ಅವನೇ, "ಇದನ್ನ ನಾಲ್ಕು ಜನ ಆಡೋ ಹಾಗೆ ಹೊರಗೆ ಬಿಡೋಣ್ವಾ?" ಎಂದು ಕೇಳಿದ್ದ. ಅಪ್ಪನ ಮುಷ್ಟಿ ಬಲಕ್ಕೆ ತಿರುಗಿತು, ಮತ್ತೆ ಮತ್ತೆ ತಿರುಗಿತು. ನಾಲ್ಕು ಜನ ಎಂದಾಗ ಅವರ ಕಣ್ಣಿಗೆ ಕಂಡದ್ದು ಯಾವ ನಾಲ್ಕು ಜನ ಎಂದು ನನಗೆ ಗೊತ್ತಿತ್ತು. ಈ ಮನೆ ಬಿಟ್ಟು ಒಂದಕ್ಷರ ಆಚೆ ಹೋಗುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಚಾವಿಯೂ ಅಪ್ಪನ ಮಂಡಿಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಆ ಸೋಮವಾರ ನಾನು ಕೈಪಿಡಿಯ ಮುನ್ನುಡಿ ಓದಿದೆ. ಕೆಳಗೆ ಚಾವಿಯ ನಿಜವಾದ ಹೆಸರು, ಆಟದ ಕಂಪನಿಯ ಕನ್ನಡ ವಿಭಾಗದ ಮುಖ್ಯಸ್ಥ ಎಂಬ ಹುದ್ದೆ. "ಮಾತು ಕಳೆದುಕೊಂಡ ಹಿರಿಯರೊಬ್ಬರಿಗೆ ಅರ್ಥವಾಗಲೆಂದು ನಾನು ಈ ಪದಗಳನ್ನು ಕಟ್ಟಿದೆ. ಅವರು ಮನಸಾರೆ ಒಪ್ಪಿ ಹರಸಿದ್ದಾರೆ. ಅವರ ಮನೆಯವರ ಸಹಕಾರಕ್ಕೆ ಕೃತಜ್ಞತೆಗಳು." ಅಪ್ಪ ಹಿರಿಯರೊಬ್ಬರಾಗಿದ್ದರು. ನಾನು ಸಹಕಾರ. ಆದರೂ ಹಾಳು ಕಣ್ಣು ಆ ಮೂರು ವಾಕ್ಯದಲ್ಲಿ ಕಾಗುಣಿತ ಸರಿಯಾಗಿದೆಯೇ ಎಂದು ನೋಡುತ್ತಲೇ ಇತ್ತು. ಸರಿಯಾಗಿತ್ತು. ಕಾಗುಣಿತ ಅವನಿಗೆ ಕಲಿಸಿದವಳು ನಾನೇ.

ಮೂವತ್ತೊಂದನೇ ಪುಟದಲ್ಲಿ ಕೆಡವುವ ಚಿತ್ರವಿತ್ತು. "ಕಟ್ಟಡವನ್ನು ಕೆಡವಲು ಉಹೂಂ ಒತ್ತಿ" ಎಂದು ಕೆಳಗೆ ಬರೆದಿತ್ತು. ಕದಿಯುವ ಆತುರದಲ್ಲಿ ಗುಂಡಿಗಳನ್ನು ಮೊದಲಿನಂತೆ ಮಾಡಲು ಮರೆತಿದ್ದ. ಕಂಪನಿಯವರು ಯಾರೋ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಹಾಕಿದ್ದರು: "ಆಟದಲ್ಲೂ ಹೀಗೇ ಇದೆ. ಸರಿಯೇ?"

ಊಟದ ಬಿಡುವಿನಲ್ಲಿ ಅವನ ಅಂಗಡಿಗೆ ಹೋದೆ. ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿತ್ತು, ಗೋಡೆಯಲ್ಲಿ ಫಲಕ ಕಿತ್ತ ಮೊಳೆಗಳಿದ್ದವು. ಅವನು ನನ್ನ ಕೈಯಲ್ಲಿದ್ದ ಪುಟಗಳನ್ನು ನೋಡಿ ಒಂದು ಸ್ಟೂಲು ಎಳೆದು ಕೊಟ್ಟ. ನಾನು ಕೂರಲಿಲ್ಲ.

"ಅಕ್ಕಾ, ಹೇಳೋಣ ಅಂತಲೇ ಇದ್ದೆ."

"ಯಾವಾಗ? ಅಚ್ಚಾದ ಮೇಲಾ?"

"ಈಗ ಯಾರಕ್ಕಾ ಕಂಪ್ಯೂಟರ್ ರಿಪೇರಿ ಮಾಡಿಸ್ತಾರೆ? ಕೆಟ್ಟರೆ ಎಸೆದು ಹೊಸದು ತರ್ತಾರೆ. ನನಗೂ ಒಂದು ದಾರಿ ಬೇಕಲ್ವಾ? ಅಕ್ಷರ ಕೂರಿಸಿದ್ದು ನಾನು ತಾನೆ?"

"ಅಕ್ಷರ ನಿಂದು. ಮಾತು ಯಾರದು?"

ಅವನು ಫೋನು ತೆಗೆದು ನನ್ನ ಮುಂದೆ ಹಿಡಿದ. "ನಾನೇನು ಕದ್ದಿಲ್ಲ. ದೊಡ್ಡಪ್ಪನ್ನ ಕೇಳಿದೀನಿ. ನೋಡು ಬೇಕಾದರೆ."

ವಿಡಿಯೊದಲ್ಲಿ ನಮ್ಮ ಕೋಣೆ. ನಾನು ಪ್ರೆಸ್ಸಿನಲ್ಲಿದ್ದ ಹೊತ್ತು ಇರಬೇಕು, ಕಿಟಕಿಯಲ್ಲಿ ಬಿಸಿಲಿತ್ತು. ಅವನು ಮಂಚದ ಮೇಲೆ ಕೂತು, ಎಂದಿನಂತೆ ಅಪ್ಪನ ಕೈ ಹಿಡಿದುಕೊಂಡು ಕೇಳುತ್ತಿದ್ದ. "ದೊಡ್ಡಪ್ಪಾ, ಈ ಆಟ ಎಲ್ಲರಿಗೂ ಕೊಡಲಾ?" ಅಪ್ಪ "ಹೂಂ" ಎಂದರು. ಕಣ್ಣು ಅರಳಿಸಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು, "ಹೂಂ, ಹೂಂ" ಎಂದರು. ಗೊತ್ತಿಲ್ಲದವರಿಗೆ ಅದು ಎಂಥ ಸಂಭ್ರಮದಂತೆ ಕಾಣುತ್ತಿತ್ತು!

"ಅವರು ಬೇಡ ಅಂತ ಕಿರುಚ್ತಾ ಇದಾರಲ್ಲೋ!"

"ಹಾಗಂತ ನೀನು ಹೇಳ್ತೀಯ ಅಕ್ಕಾ. ಕೇಳೋರಿಗೆ ಹೂಂ ಅಂದ್ರೆ ಹೂಂ."

ಅವನು ದನಿ ಏರಿಸಲಿಲ್ಲ. ಸ್ಕ್ರೂ ಬಿಗಿ ಮಾಡುವಾಗ ಮಾತಾಡುವ ಹಾಗೆಯೇ ಮಾತಾಡಿದ. ನನಗೆ ಅದೇ ಹೆಚ್ಚು ಉರಿಯಿತು. ಕೂಗಾಡಿದ್ದರೆ ಕಳ್ಳನೆಂದು ಬೈದು ಬರಬಹುದಿತ್ತು.

ಪ್ರೆಸ್ಸಿನ ಯಜಮಾನರು ಕೆಟ್ಟವರಲ್ಲ, ನ್ಯಾಯವಂತರೆಂದೇ ಹೆಸರು. ನಾನು ಎಲ್ಲವನ್ನೂ ಹೇಳಿದೆ. ಹೂಂ ಉಹೂಂ ವಿಷಯವನ್ನು ಎರಡೆರಡು ಸಲ ಬಿಡಿಸಿ ಹೇಳಿದೆ. "ಅಪ್ಪನ ಹೂಂ ಅಂದ್ರೆ ಉಹೂಂ ಸಾರ್. ಉಹೂಂ ಅಂದ್ರೆ ಹೂಂ. ಅದಕ್ಕೇ ಮೂವತ್ತೊಂದನೇ ಪುಟದಲ್ಲಿ ಹಾಗಿರೋದು." ಅವರು ಪುಟ ತಿರುಗಿಸಿ ನೋಡಿ, ಗಲ್ಲ ಉಜ್ಜಿಕೊಂಡರು.

"ಗುರುವಾರ ಸಂಜೆ ನಾನೇ ನಿಮ್ಮನೆಗೆ ಬರ್ತೀನಮ್ಮ. ಆ ಮನುಷ್ಯನೂ ಬರಲಿ. ಹಿರಿಯರನ್ನೇ ಕೇಳೋಣ. ಅವರು ಬೇಡ ಅಂದ್ರೆ ನಾನು ಅಚ್ಚು ಹಾಕಲ್ಲ, ಕಂಪನಿಗೂ ಹೇಳ್ತೀನಿ. ಆಯ್ತಾ?"

ಆಯಿತು ಎಂದೆ. ಇನ್ನೇನು ಬೇಕಿತ್ತು?

ಮನೆಗೆ ಬಂದು ಅಪ್ಪನ ಮುಂದೆ ಪುಟಗಳನ್ನು ಹರಡಿದೆ. ಅವರು ಹೆಗಲುಗಾಲುವೆಯ ಮೇಲೆ ಬೆರಳಿಟ್ಟರು, ಬುಟ್ಟಿಯಕ್ಕನ ಮೇಲೆ ಇಟ್ಟರು. ಆಮೇಲೆ ನನ್ನ ಮುಖ ನೋಡಿದರು. ನೀನಾ, ಎಂದು ಕೇಳುವ ಹಾಗೆ. ನಾನಲ್ಲಪ್ಪಾ ಎನ್ನುವಷ್ಟರಲ್ಲಿ ನನಗೇ ಅಳು ಬಂತು. ಒಂದು ಗಳಿಗೆಯ ಮಟ್ಟಿಗಾದರೂ ಅಪ್ಪ ನನ್ನ ಮೇಲೆ ಅನುಮಾನಪಟ್ಟರಲ್ಲ, ಅದನ್ನು ನಾನು ಚಾವಿಗೆ ಎಂದೂ ಕ್ಷಮಿಸುವುದಿಲ್ಲ.

ಗುರುವಾರದ ವಿಷಯ ಹೇಳಿದಾಗ ಅಪ್ಪ ಎದ್ದು ಕೂತರು. ಎಡಗೈಯಿಂದ ತಮ್ಮ ಬಾಯಿ ಮುಟ್ಟಿ ತೋರಿಸಿದರು. ಕೈ ಬೇಡ, ಬಾಯಲ್ಲೇ ಹೇಳುತ್ತೇನೆ, ಎಂದು. ಯಜಮಾನರು ಹೊರಗಿನವರು, ಅವರೆದುರು ಮುಷ್ಟಿ ತಿರುಗಿಸಿ ಮೂಕನಂತೆ ಕೂರಲು ಅವರಿಗೆ ಮನಸ್ಸಿರಲಿಲ್ಲ.

ಮಂಗಳವಾರದಿಂದ ಮೂರು ದಿನ ಪ್ರೆಸ್ಸಿಗೆ ರಜೆ ಹಾಕಿದೆ. ಕನ್ನಡಿ ಹಿಡಿದು ಕೂತೆವು. ಬೇಡ ಎಂದು ನೆನೆದುಕೊಂಡು ಉಹೂಂ ಎನ್ನಬೇಕು. ಬಾಯಿ ತೆರೆದರೆ ಹೂಂ. ತುಟಿ ದುಂಡಗೆ ಮಾಡಿಸಿ ಮೊದಲು ಬರೀ "ಉ" ಹೇಳಿಸಿದೆ. ಉ ಬಂತು, ಆದರೆ ಅದಕ್ಕೆ ಹೂಂ ಜೋಡಿಸುವಷ್ಟರಲ್ಲಿ ಉ ಜಾರಿಹೋಯಿತು. ಬಂದದ್ದು ಬರಿಯ ಹೂಂ. ಅಪ್ಪ ಕನ್ನಡಿಯೊಳಗಿನ ತಮ್ಮನ್ನೇ ಬೈದರು, ಆ ಬೈಗುಳ ಮಾತ್ರ ಒಂದಕ್ಷರ ತಪ್ಪಿಲ್ಲದೆ ಬಂತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬುಧವಾರ ಮಧ್ಯಾಹ್ನ ನಾನು ಹಾಲಿನ ಲೋಟ ಮುಂದೆ ಹಿಡಿದಾಗ, ಅಪ್ಪ ಮುಖ ಆ ಕಡೆ ತಿರುಗಿಸಿ "ಉಹೂಂ" ಎಂದರು. ಮುಷ್ಟಿ ಬಲಕ್ಕೆ ತಿರುಗಿತು. ಬಾಯಿ ಮತ್ತು ಕೈ ಒಂದೇ ಮಾತು ಹೇಳಿದ್ದವು, ನಾಲ್ಕು ವರ್ಷದಲ್ಲಿ ಮೊದಲ ಸಲ. ನಾನು ಪರೀಕ್ಷೆ ಮಾಡಲು ಒಂದಾದ ಮೇಲೊಂದು ಕೇಳಿದೆ. ಮುದ್ದೆ ಮಾಡಿದ ಕಾಗದ ತಿಂತೀಯಾ? ಉಹೂಂ. ನಿನ್ನ ಸೈಕಲ್ ಮಾರಿಬಿಡಲಾ? ಉಹೂಂ! ಆಟ ಹೊರಗೆ ಕೊಡೋಣ್ವಾ? ಉಹೂಂ, ಉಹೂಂ. ಅಪ್ಪ ಬೆವರಿದ್ದರು, ಮುಖದಲ್ಲಿ ಮಾತ್ರ ಹಿಂದೆ ನೀರು ಬಂತೂ ಎಂದು ಕೂಗಿ ಬಂದಾಗಿನ ಕಳೆಯಿತ್ತು.

ಗುರುವಾರ ಐದು ಗಂಟೆಗೆ ಇಬ್ಬರೂ ಬಂದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡು, ದಿಂಬಿಗೆ ಒರಗದೆ ಕೂತಿದ್ದರು. ಯಜಮಾನರು ಕುರ್ಚಿಯಲ್ಲಿ ಕೂತರು. ಚಾವಿ ಒಂದು ಗಳಿಗೆ ಬಾಗಿಲಲ್ಲಿ ನಿಂತ. ಆಮೇಲೆ ಎಂದಿನಂತೆ ಮಂಚದ ಮೇಲೆ ಕೂತು, "ದೊಡ್ಡಪ್ಪಾ" ಎಂದು ಅವರ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ನಾನು ಟೀ ತಟ್ಟೆ ಇಡುತ್ತಿದ್ದೆ. ಅವನಿಗೆ ನಾಚಿಕೆಯಾಗಿದೆ, ಕ್ಷಮೆ ಕೇಳುತ್ತಾನೇನೋ, ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಯಜಮಾನರು ಮುಂದೆ ಬಾಗಿ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದರು. "ಹಿರಿಯರೇ, ನಿಮ್ಮ ಮಾತುಗಳನ್ನ ಪುಸ್ತಕದಲ್ಲಿ ಹಾಕಿ, ಆಟದಲ್ಲಿ ಹಾಕಿ, ಎಲ್ಲರಿಗೂ ಕೊಡಬಹುದಾ?"

ಅಪ್ಪ ಉಸಿರೆಳೆದುಕೊಂಡರು. ತುಟಿ ದುಂಡಗೆ ಮಾಡಿದರು. ನನ್ನ ತುಟಿಯೂ ತಾನಾಗಿಯೇ ದುಂಡಗಾಯಿತು.

"ಉಹೂಂ" ಎಂದರು. ಸ್ಪಷ್ಟವಾಗಿ, ಗಟ್ಟಿಯಾಗಿ. ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ನಾನು ಯಜಮಾನರ ಕಡೆ ತಿರುಗುವಷ್ಟರಲ್ಲಿ ಚಾವಿ ಮಾತಾಡಿಯಾಗಿತ್ತು.

"ಕೇಳಿದ್ರಾ ಸಾರ್? ಇವರ ಉಹೂಂ ಅಂದ್ರೆ ಹೂಂ. ಅಕ್ಕನೇ ನಿಮಗೆ ಹೇಳಿದಾಳಲ್ಲ."

ನಾನು ಒಂದೇ ಉಸಿರಿಗೆ ಶುರುಮಾಡಿದೆ. ಅಲ್ಲ ಸಾರ್, ಇವತ್ತಿನದು ಸರಿಯಾದ ಉಹೂಂ, ಎರಡು ದಿನ ಕಲಿತರು, ಕನ್ನಡಿ ಇಟ್ಟುಕೊಂಡು ಕಲಿತರು, ಇದು ನಿಜವಾಗಿ ಬೇಡ ಅಂತಲೇ. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಕಟ್ಟುಕತೆಯಂತೆ ಕೇಳಿಸಿತು.

ಯಜಮಾನರಿಗೆ ಪಾಪ, ನನ್ನನ್ನು ನೋಡಲು ಆಗಲಿಲ್ಲ. "ಅವತ್ತು ಹೂಂ ಅಂದ್ರೂ ಬೇಡ, ಇವತ್ತು ಉಹೂಂ ಅಂದ್ರೂ ಬೇಡ ಅಂದ್ರೆ ನಾನು ಹೇಗಮ್ಮ ತೀರ್ಮಾನ ಮಾಡ್ಲಿ?"

"ಕೈ ನೋಡಿ ಸಾರ್! ಅವರ ಕೈ ನೋಡಿ!" ಎಂದು ಕೂಗಿದೆ.

ಎಲ್ಲರೂ ನೋಡಿದರು. ಕೈ ಚಾವಿಯ ಎರಡೂ ಕೈಗಳ ನಡುವೆ ಇತ್ತು. ಅವನ ಬೆರಳ ಗೆಣ್ಣುಗಳು ಬಿಳಿಚಿದ್ದವು. ಒಳಗೆ ಅಪ್ಪನ ಮುಷ್ಟಿ ತಿರುಗಲು ಒದ್ದಾಡಿ ಒದ್ದಾಡಿ, ಮೊಣಕೈಯವರೆಗೆ ನಡುಗುತ್ತಿತ್ತು. ವಿಡಿಯೊದಲ್ಲೂ ಅವನು ಹೀಗೇ ಹಿಡಿದಿದ್ದ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಕೈ ಕೊಡುವುದೆಂದರೆ ನಡುನೀರಿನಲ್ಲಿ ಬಿಟ್ಟುಹೋಗುವುದು ಎಂದು ನಾನು ತಿಳಿದಿದ್ದೆ. ಗಟ್ಟಿಯಾಗಿ ಹಿಡಿದುಕೊಂಡೇ ಕೈ ಕೊಡಬಹುದು ಎಂದು ಗೊತ್ತಿರಲಿಲ್ಲ.

"ಬಿಡೋ" ಎಂದೆ. ಬಿಡಲಿಲ್ಲ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಿ ಬಿಡಿಸಿದೆ. ಅಷ್ಟು ಹೊತ್ತಿಗೆ ಅಪ್ಪ ಸೋತಿದ್ದರು. ಕೈ ಹೊದಿಕೆಯ ಮೇಲೆ ಬಿದ್ದು ಹಾಗೇ ಇತ್ತು. "ತಿರುಗಿಸಪ್ಪಾ, ಒಂದ್ಸಲ ತಿರುಗಿಸು" ಎಂದು ಬೇಡಿಕೊಂಡೆ. ಅವರು ನನ್ನನ್ನು ನೋಡಲಿಲ್ಲ. ತಾನು ಸರಿಯಾಗಿ ಹೇಳಿದೆ, ಎಲ್ಲರೂ ಕೇಳಿದರು, ಆದರೂ ಅದು ಲೆಕ್ಕಕ್ಕೆ ಬರಲಿಲ್ಲ. ಇನ್ನೇನು ಹೇಳುವುದು ಉಳಿದಿತ್ತು? ಇಸ್ತ್ರಿ ಅಂಗಿಯಲ್ಲೇ ಗೋಡೆಯ ಕಡೆ ತಿರುಗಿ ಮಲಗಿದರು.

ಯಜಮಾನರು ಟೀ ಕುಡಿಯದೆ ಎದ್ದರು. ಬಾಗಿಲಲ್ಲಿ ಚಾವಿ ನನಗೆ ಮಾತ್ರ ಕೇಳುವಂತೆ, "ಮುಂದಿನ ಅಚ್ಚಿನಲ್ಲಿ ನಿನ್ನ ಹೆಸರು ಹಾಕಿಸ್ತೀನಿ ಅಕ್ಕಾ" ಎಂದ. ನಾನು ಬಾಗಿಲು ಹಾಕಿಕೊಂಡೆ.

ಆಮೇಲೆ ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅನ್ನ ಕಲಸಿ ತಂದರೆ ಬಾಯಿ ತೆರೆಯುತ್ತಾರೆ, ಸಾಕಾದರೆ ಮುಚ್ಚುತ್ತಾರೆ. ಕೈ ಹೊದಿಕೆಯ ಒಳಗಿದೆ. ನೀರೂರನ್ನು ಅವರು ಆಮೇಲೆ ನೋಡಿಲ್ಲ, ಕಂಪ್ಯೂಟರಿನ ಮೇಲೆ ನಾನೇ ಒಂದು ಟವೆಲು ಹೊದಿಸಿದೆ.

ಶುಕ್ರವಾರ ಪ್ರೆಸ್ಸಿಗೆ ಹೋದೆ. ಕೈಪಿಡಿ ಮೇಜಿನ ಮೇಲೆ ಹಾಗೇ ಇತ್ತು. ಬೇರೆಯವರ ಕೈಗೆ ಕೊಡಲೇ ಎಂದು ಯಜಮಾನರು ಕೇಳಿದರು. ಬೇಡ, ನಾನೇ ನೋಡುತ್ತೇನೆ ಎಂದೆ. ಒಂದನೇ ಪುಟದಿಂದ ಶುರುಮಾಡಿ ಎಲ್ಲ ತಪ್ಪುಗಳನ್ನೂ ತಿದ್ದಿದೆ: ಬಿಟ್ಟುಹೋದ ದೀರ್ಘ, ಹೆಚ್ಚಾದ ಅಲ್ಪವಿರಾಮ, ತಲೆಕೆಳಗಾದ ಒಂದು ಚಿತ್ರ. ಮೂವತ್ತೊಂದನೇ ಪುಟಕ್ಕೆ ಬಂದಾಗ ಆ ಪೆನ್ಸಿಲಿನ ಪ್ರಶ್ನೆ ಕಾದು ಕೂತಿತ್ತು. ಕಟ್ಟಡವನ್ನು ಕೆಡವಲು ಉಹೂಂ ಒತ್ತಿ. ಆಟದಲ್ಲೂ ಹೀಗೇ ಇದೆ. ಸರಿಯೇ?

ಆ ಆಟ ಕೊಳ್ಳುವವರು ಯಾರೋ ನನಗೆ ಗೊತ್ತಿಲ್ಲ, ಅವರ ಮೇಲೆ ನನಗೆ ದ್ವೇಷವೂ ಇಲ್ಲ. ತಿಂಗಳುಗಟ್ಟಲೆ ಕೂತು ಊರು ಕಟ್ಟುತ್ತಾರೆ. ಒಂದು ದಿನ ಕೈತಪ್ಪುತ್ತದೆ, ಆಟ ಕೇಳುತ್ತದೆ, ಕೆಡವಲೇ? ಅವರು ಬೇಡ ಬೇಡವೆಂದು ಉಹೂಂ ಒತ್ತುತ್ತಾರೆ. ಕಣ್ಣೆದುರೇ ಎಲ್ಲವೂ ಬೀಳುತ್ತದೆ.

ಕೆಂಪು ಪೆನ್ನು ತೆಗೆದುಕೊಂಡು ಪ್ರಶ್ನೆಯ ಪಕ್ಕ "ಸರಿಯಿದೆ" ಎಂದು ಬರೆದು, ಕೆಳಗೆ ಸಹಿ ಹಾಕಿದೆ.